ಗೇಟಿನ ತಾರೀಖು, ಹೊಲದ ತಾರೀಖು

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ನಮ್ಮ ಸೀಮೆಯ ಹಳ್ಳಿಗಳು ಅದಕ್ಕೂ ಆರು ವರ್ಷ ಮೊದಲೇ ಟಿವಿ ನೋಡಿದ್ದವು. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಸರ್ ತಮ್ಮ ಊರಿಗೆ ಒಂದಿಷ್ಟು ಬಣ್ಣ ಹಚ್ಚಿ ಹೇಳುತ್ತಿದ್ದಾರೆ ಅಂತ ಅವರ ಲೆಕ್ಕ. ಆದರೆ ಇದು ದಾಖಲೆಯಲ್ಲಿರುವ ಸಂಗತಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ನಾಸಾದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎಟಿಎಸ್–6 ಉಪಗ್ರಹದ ಮೂಲಕ, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸುವ ಪ್ರಯೋಗವನ್ನು ಇಸ್ರೊ ನಡೆಸಿತು. 'ಸೈಟ್' ಅಂತ ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆಯ್ದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ವಡಗೇರಾ ಆಗ ಗುಲಬರ್ಗಾ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಊರು. ನಾನು ಅದರ ಹತ್ತಿರದ ಹಳ್ಳಿಯ ಹತ್ತು ವರ್ಷದ ಹುಡುಗ.

ಸೆಟ್ ಬಂದದ್ದು ಪಕ್ಕದೂರಿನ ಶಾಲೆಗೆ. ಕೋಳಿಗೂಡಿಗೆ ಹೊಡೆಯುವ ತಂತಿಜಾಲರಿಯನ್ನೇ ಹೊದಿಸಿದ, ಹತ್ತಡಿ ಅಗಲದ ಆಂಟೆನಾ. ಊರವರು ಅದನ್ನು ಛತ್ರಿ ಅಂದರು. ಟಿವಿ ಪೆಟ್ಟಿಗೆಯ ಕೀಲಿಕೈ ಹೆಡ್‌ಮಾಸ್ತರರ ಅಂಗಿ ಜೇಬಿನಲ್ಲಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ವಿಜ್ಞಾನದ ಪಾಠ, ಸಂಜೆ ಊರಿಗೆಲ್ಲ. ಕತ್ತಲಾಗುವ ಹೊತ್ತಿಗೆ ನಾವು ರೊಟ್ಟಿ ಸುತ್ತಿಕೊಂಡು ಹೊಲದ ದಾರಿಯಲ್ಲಿ ಓಡುತ್ತಿದ್ದೆವು. ಮುಂದೆ ಹುಡುಗರು, ಹಿಂದೆ ಗಂಡಸರು, ಗೋಡೆ ಬದಿಗೆ ಹೆಂಗಸರು. ಕುರಿಗೆ ಬರುವ ರೋಗ, ಬೀಜೋಪಚಾರ, ನಡುವೆ ಕುಟುಂಬ ಯೋಜನೆ. ಆ ವಿಷಯ ಬಂದೊಡನೆ ಗೋಡೆ ಬದಿಯಲ್ಲಿ ಸೆರಗುಗಳು ಬಾಯಿಗೆ ಹೋಗುತ್ತಿದ್ದವು. ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಪೆಟ್ಟಿಗೆಯೊಳಗಿನವರು ಮಾತಾಡುತ್ತಿದ್ದದ್ದು ಕನ್ನಡವೇ, ಆದರೆ ನಮ್ಮ ಓಣಿಯಲ್ಲಿ ಯಾರೂ ಆಡದ ಕನ್ನಡ. ಮೊದಲ ದಿನಗಳ ಜಾತ್ರೆ ನಿಧಾನಕ್ಕೆ ಇಳಿಯಿತು. ಸುಗ್ಗಿಯಲ್ಲಿ ಗಂಡಸರು ಕಣದಲ್ಲೇ ಉಳಿದರು. ನಾವು ಹುಡುಗರು ಮಾತ್ರ ಬಿಡಲಿಲ್ಲ.

ವರ್ಷ ತುಂಬಿತು, ಉಪಗ್ರಹವನ್ನು ಅದರ ಒಡೆಯರು ತಮ್ಮ ಕಡೆ ಸರಿಸಿಕೊಂಡರು. ಶಾಲೆಯಲ್ಲಿ ಪೆಟ್ಟಿಗೆಯಿದೆ, ಛತ್ರಿಯಿದೆ, ಚಿತ್ರವಿಲ್ಲ. ಹೆಡ್‌ಮಾಸ್ತರರು ಆಕಾಶದ ಕಡೆ ಕೈ ತೋರಿಸಿ ವಿವರಿಸಿದ್ದನ್ನೆಲ್ಲ ಕೇಳಿ ಒಬ್ಬ ಮುತ್ಯಾ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: "ತರೂವಾಗೂ ನಮ್ಮನ್ನ ಕೇಳ್ಲಿಲ್ಲ, ಒಯ್ಯೂವಾಗೂ ಕೇಳ್ಲಿಲ್ಲ. ಇರ್ಲಿ ಬಿಡ್ರಿ ಮಾಸ್ತರ." 1977ರಲ್ಲಿ ಗುಲಬರ್ಗಾದಲ್ಲೇ ದೂರದರ್ಶನದ ಪ್ರಸಾರ ಶುರುವಾಯಿತು. ಅದರ ಅಲೆ ನಮ್ಮೂರ ತನಕ ಮುಟ್ಟಲಿಲ್ಲ.

ನಮ್ಮ ಕಡೆ ಆಗ ಓದಿದವರು ಟಿಸಿಎಚ್ ಮಾಡುತ್ತಿದ್ದರು, ಬಿ.ಇಡಿ. ಮಾಡುತ್ತಿದ್ದರು. ಪತ್ರಿಕೋದ್ಯಮ ಓದಲಿಕ್ಕೆ ಮೈಸೂರಿಗೆ ಹೋಗುತ್ತೇನೆ ಅಂದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಪೇಪರ್ ಓದಾಕ ಅಷ್ಟು ದೂರ ಹೋಗಬೇಕೇನು?" 1980ರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ಈ ವಿಷಯದ ಪಾಠ 1951ರಲ್ಲೇ ಮಹಾರಾಜ ಕಾಲೇಜಿನಲ್ಲಿ ಆರಂಭವಾಗಿತ್ತು, ನಾಡಿಗ ಕೃಷ್ಣಮೂರ್ತಿಯವರ ಕೈಯಲ್ಲಿ. ಅಮೆರಿಕದ ಮಿಸೌರಿಯಲ್ಲಿ ಕಲಿತು ಬಂದ ನಾಡಿಗರ 'ಇಂಡಿಯನ್ ಜರ್ನಲಿಸಂ' 1966ರಲ್ಲಿ ಹೊರಬಂದ ಪುಸ್ತಕ. ನಾವು ಹೋಗುವ ಹೊತ್ತಿಗೆ ಅವರ ಹೆಸರು ಮಾನಸಗಂಗೋತ್ರಿಯ ಹುಡುಗರ ಬಾಯಲ್ಲಿ ಒಂದು ದಂತಕತೆಯ ಹಾಗಿತ್ತು.

ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ 'ಸೈಟ್' ಕುರಿತ ವರದಿಗಳು ಕೈಗೆ ಸಿಕ್ಕವು. ಮಾನವಶಾಸ್ತ್ರಜ್ಞರನ್ನು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ಇರಿಸಿ ಅಧ್ಯಯನ ಮಾಡಿಸಿದ್ದರಂತೆ. ಜನ ಎಷ್ಟು ಬಂದರು, ಎಷ್ಟು ಕಲಿತರು, ಏನು ನೆನಪಿಟ್ಟರು, ಎಲ್ಲಕ್ಕೂ ಕೋಷ್ಟಕ. ಕೆಲಸ ಬಲು ಶ್ರದ್ಧೆಯಿಂದ ನಡೆದಿತ್ತು, ಅದನ್ನು ಒಪ್ಪಬೇಕು. ಜಗತ್ತಿನಲ್ಲಿ ಅಷ್ಟು ದೊಡ್ಡ ಪ್ರಯೋಗಕ್ಕೆ ಅಷ್ಟು ಕಾಳಜಿಯ ಅಧ್ಯಯನ ಅಪರೂಪ. ಆದರೂ ಪುಟ ತಿರುವುತ್ತಿದ್ದ ನನಗೆ ನಾನೇ ಒಂದು ಅಂಕಿಯಾಗಿ ಅಲ್ಲಿ ಕೂತಿದ್ದೇನೆ ಅನ್ನಿಸಿತು. ಮುತ್ಯಾನ ಮಾತಿಗೆ ಯಾವ ಕೋಷ್ಟಕದಲ್ಲೂ ಕಾಲಂ ಇರಲಿಲ್ಲ. ಆ ವರ್ಷ ನಾವು ಓದಿದ ದೊಡ್ಡ ಪುಸ್ತಕಗಳೆಲ್ಲ, 1958ರ ಡೇನಿಯಲ್ ಲರ್ನರ್, 1962ರ ಎವರೆಟ್ ರೋಜರ್ಸ್, 1964ರ ವಿಲ್ಬರ್ ಶ್ರಾಮ್, ಹಳ್ಳಿಗೆ ಹೇಳುವುದು ಹೇಗೆ ಎಂದೇ ಚಿಂತಿಸಿದ್ದವು. ಹಳ್ಳಿ ತಿರುಗಿ ಏನಾದರೂ ಹೇಳಿದರೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು ಅನ್ನುವ ಬಗ್ಗೆ ಅವು ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ.

ಪತ್ರಿಕೋದ್ಯಮ ಕಲಿಸುವ ಕೆಲಸಕ್ಕೆ ಸೇರಿದ್ದು, ಕಾಯಂ ಆದದ್ದು, ರೀಡರ್ ಆದದ್ದು, ಪ್ರೊಫೆಸರ್ ಆದದ್ದು, ಇವನ್ನೆಲ್ಲ ಹೇಳುತ್ತ ಕೂತರೆ ಸರ್ವಿಸ್ ರಿಜಿಸ್ಟರ್ ಓದಿದಂತಾಗುತ್ತದೆ. ಸಾರ್ವಜನಿಕ ಸಂಪರ್ಕ ನನ್ನ ಪಾಲಿಗೆ ಬಂದದ್ದು ಹೇಗೆ ಎಂಬುದನ್ನು ಮಾತ್ರ ಹೇಳಬೇಕು. ವರದಿಗಾರಿಕೆ, ಸಂಪಾದನೆ, ಮಾಧ್ಯಮ ಕಾನೂನು ಹಿರಿಯರ ಕೈಯಲ್ಲಿದ್ದವು. ಹೊಸಬನಿಗೆ ಯಾರೂ ಮುಟ್ಟದ ಪೇಪರ್ ಬಂತು. ಪತ್ರಿಕೋದ್ಯಮದವರ ಕಣ್ಣಿಗೆ ಪಿಆರ್ ಅಂದರೆ ದುಡ್ಡು ತಗೊಂಡು ಹೊಗಳುವ ಕೆಲಸ. ಹುಡುಗರೂ ಹಾಗೇ ತಿಳಿದಿದ್ದರು. ವರದಿಗಾರರಾಗುತ್ತೇವೆ ಅಂತ ಬಂದು ಕೊನೆಗೆ ಅವರಲ್ಲಿ ಬಹಳ ಮಂದಿ ಬದುಕು ಕಟ್ಟಿಕೊಂಡದ್ದು ಪಿಆರ್‌ಒ ಕೆಲಸದಲ್ಲೇ ಅನ್ನುವುದು ಬೇರೆ ಮಾತು.

ಮೊದಲ ಪಾಠ ಎಲ್ಲ ಕಡೆಯಂತೆ ನನ್ನಲ್ಲೂ ಐವಿ ಲೀಯಿಂದ. 1906ರಲ್ಲಿ ಪತ್ರಿಕೆಗಳಿಗೆ ತತ್ವಗಳ ಘೋಷಣೆ ಕಳಿಸಿ, ನಾವು ಮುಚ್ಚುಮರೆ ಮಾಡುವವರಲ್ಲ, ಸರಿಯಾದ ಮಾಹಿತಿ ಕೊಡುವವರು ಎಂದ ಮನುಷ್ಯ. ಅದೇ ಲೀ 1914ರಲ್ಲಿ ಕೊಲರಾಡೊದ ಲಡ್ಲೊ ಗಣಿ ಕಾರ್ಮಿಕರ ಹತ್ಯಾಕಾಂಡದ ನಂತರ ರಾಕ್‌ಫೆಲರ್ ಕುಟುಂಬದ ಪರ ನಿಂತ. ಈ ಎರಡನ್ನೂ ಒಂದೇ ದಿನ ಹೇಳಿ ಮುಗಿಸುತ್ತಿದ್ದೆ. ಒಂದನ್ನು ಹೇಳಿ ಇನ್ನೊಂದನ್ನು ಮುಂದಿನ ವಾರಕ್ಕೆ ಬಿಟ್ಟರೆ ಹುಡುಗರು ಅರ್ಧ ಮನುಷ್ಯನನ್ನು ನೆನಪಿಟ್ಟುಕೊಳ್ಳುತ್ತಾರೆ.

ಭಾರತದ ಇತಿಹಾಸಕ್ಕೆ ಬಂದಾಗ ನನಗೊಂದು ಅನುಕೂಲವಿತ್ತು. 1920ರ ದಶಕದಲ್ಲಿ ಪ್ರವಾಸಿಗರನ್ನು ಸೆಳೆಯಲು ಇಂಗ್ಲೆಂಡಿನವರೆಗೂ ಹೋಗಿ ಪ್ರಚಾರ ನಡೆಸಿದ, ದೇಶದೊಳಗೆ ಸಂಚಾರಿ ಸಿನಿಮಾ ತೋರಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯನ್ನು ನಮ್ಮ ಪಠ್ಯಗಳು ಮೊದಲ ಉದಾಹರಣೆಯಾಗಿ ಕೊಡುತ್ತವೆ. ವಾಡಿ, ಯಾದಗಿರಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು 1871ರಲ್ಲಿ ಕೂಡಿಕೊಂಡದ್ದು ಅದೇ ರೈಲ್ವೆ. ಯಾದಗಿರಿ ಪ್ಲಾಟ್‌ಫಾರಂ ಮೇಲೆ ಮಿರ್ಚಿ ಭಜಿ ತಿಂದ ಹುಡುಗರಿಗೆ ಅದು ಪುಸ್ತಕದ ವಿಷಯವಾಗಿ ಉಳಿಯುತ್ತಿರಲಿಲ್ಲ.

ಸುರಪುರಕ್ಕೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯ ಪಾಠ. ಟೇಲರ್ ಮಂಜಿಲಿನ ಮುಂದೆ ನಿಲ್ಲಿಸಿ ಹೇಳುತ್ತಿದ್ದೆ: ಬಾಲಕ ರಾಜ ವೆಂಕಟಪ್ಪ ನಾಯಕ 'ಅಪ್ಪಾ' ಎಂದು ಕರೆಯುತ್ತಿದ್ದ, ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಈ ಮೆಡೋಸ್ ಟೇಲರ್ 1840ರಿಂದ 1853ರವರೆಗೆ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ಬಾತ್ಮೀದಾರನೂ ಆಗಿದ್ದ. ಆಡಳಿತ ಮಾಡುವವನೇ ಸುದ್ದಿ ಬರೆದರೆ ಏನಾಗುತ್ತದೆ? ಹುಡುಗರು ಬಸ್ಸು ಹತ್ತುವ ತನಕ ಜಗಳವಾಡುತ್ತಿದ್ದರು. ಟೇಲರ್ ನಮ್ಮ ಕಡೆ ಇವತ್ತಿಗೂ ಒಳ್ಳೆಯ ಹೆಸರಿಟ್ಟುಕೊಂಡ ಸಾಹೇಬ. ಹಾಗಾಗಿ ಜಗಳಕ್ಕೆ ಖಾರ ಸ್ವಲ್ಪ ಜಾಸ್ತಿಯೇ.

ಇದೆಲ್ಲ ಸರಿ. ಆದರೆ ಈ ವಿಷಯದ ಹೊಟ್ಟೆಯೊಳಗೆ ಏನಿದೆ ಅಂತ ನನಗೆ ಗೊತ್ತಾದದ್ದು ಒಂದು ಪತ್ರಿಕಾ ಪ್ರಕಟಣೆಯಿಂದ.

ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಕಟ್ಟಿ ಮುಗಿದದ್ದು 1982ರಲ್ಲಿ. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ಸೀಮೆಗೆ ಹರಿಯಿತು. ಯೋಜನೆ ಮಾಡಿದವರ ಕಾಗದದಲ್ಲಿ ಇದ್ದದ್ದು ಅರೆ ನೀರಾವರಿ ಬೆಳೆಗಳು: ಜೋಳ, ಶೇಂಗಾ, ಹತ್ತಿ, ಸೂರ್ಯಕಾಂತಿ. ಭತ್ತ ಹಚ್ಚಬೇಡಿ ಅಂತ ಸರ್ಕಾರ ಪ್ರಕಟಣೆ ಕೊಟ್ಟಿತು, ಗೋಡೆ ಮೇಲೆ ಬರೆಸಿತು, ಸಭೆ ಮಾಡಿತು. ಆದರೆ ಆಂಧ್ರದಿಂದ ಬಂದು ಜಮೀನು ಮಾಡಿದವರು ಕ್ಯಾಂಪುಗಳಲ್ಲಿ ಭತ್ತ ಬೆಳೆದರು. ನಮ್ಮವರು ಬದುವಿನ ಮೇಲೆ ನಿಂತು ನೋಡಿದರು. ಎರಡು ಸುಗ್ಗಿ ಸಾಕಾಯಿತು. ರೋಜರ್ಸ್ ಅಯೋವಾದ ರೈತರನ್ನು ನೋಡಿ ಬರೆದ ಹೊಸತನದ ಹರಡುವಿಕೆ ನಮ್ಮ ಕಣ್ಣೆದುರೇ ಆಯಿತು, ಸರ್ಕಾರದ ಮಾತಿಗೆ ಉಲ್ಟಾ ದಿಕ್ಕಿನಲ್ಲಿ. ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕಾಲುವೆಯ ಬಾಲದಲ್ಲಿದ್ದವರಿಗೆ ಬರುವುದು ಬರಿ ಪ್ರಕಟಣೆ.

ಪ್ರತಿ ಹಂಗಾಮಿಗೆ ನೀರಾವರಿ ಸಲಹಾ ಸಮಿತಿ ಕೂಡುತ್ತದೆ. ಇಂಥ ದಿನದಿಂದ ಇಷ್ಟು ದಿನ ನೀರು ಚಾಲು, ಇಷ್ಟು ದಿನ ಬಂದ್ ಎಂದು ತೀರ್ಮಾನಿಸುತ್ತದೆ. ಮರುದಿನ ಪತ್ರಿಕೆಗಳಲ್ಲಿ ಬರುತ್ತದೆ. ಅಂಥದೊಂದು ಪ್ರಕಟಣೆ ಕತ್ತರಿಸಿ ತಂದು ಬೋರ್ಡಿಗೆ ಅಂಟಿಸಿ, ಇದರಲ್ಲಿ ಕೊರತೆ ಏನು ಹುಡುಕಿ ಅಂತ ಹೇಳುವುದು ನನ್ನ ರೂಢಿಯಾಗಿತ್ತು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ, ಎಲ್ಲವೂ ಅದರಲ್ಲಿ ಇರುತ್ತಿತ್ತು. ಹುಡುಗರು ಒತ್ತಕ್ಷರದ ತಪ್ಪು ಹುಡುಕುತ್ತಿದ್ದರು. ಶೀರ್ಷಿಕೆ ಉದ್ದವಾಯಿತು ಅನ್ನುತ್ತಿದ್ದರು. ಒಂದು ವರ್ಷ ನಮ್ಮ ಕಡೆಯದೇ ಕಾಲುವೆ ಕೊನೆಯ ಹಳ್ಳಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್ರೀ, ತಪ್ಪು ಏನಿಲ್ರೀ ಇದ್ರಾಗ. ಆದ್ರ ಇದು ಗೇಟಿನ ತಾರೀಖು. ನಮ್ಮ ಹೊಲದ ತಾರೀಖು ಬ್ಯಾರೆ ಅದ."

ಬಿಡಿಸಿ ಹೇಳಮ್ಮ ಅಂದೆ. ಅಲ್ಲಿ ಬಿಟ್ಟ ನೀರು ಇಲ್ಲಿಗೆ ಬಂದು ಮುಟ್ಟುವುದಕ್ಕೆ ಎಷ್ಟೋ ದಿನ ಬೇಕು. ನಡುವೆ ಅಷ್ಟೂ ಹೊಲ ಕುಡಿದು ಬಿಟ್ಟ ಮೇಲೆ ಹೊಲಗಾಲುವೆಗೆ ತೇವ ಕಾಣುವ ಹೊತ್ತಿಗೆ ಬಂದ್ ಮಾಡುವ ದಿನ ಬಂದಿರುತ್ತದೆ. ಪೇಪರ್ ನೋಡಿ ಅವರಪ್ಪ ಗೊಬ್ಬರ ತಂದು ಇಟ್ಟುಕೊಂಡಿರುತ್ತಾನೆ. ಆಳಿಗೆ ಹೇಳಿರುತ್ತಾನೆ. ಪ್ರಕಟಣೆಯ ಒಂದೊಂದು ಅಕ್ಷರವೂ ನಿಜ, ಅವರಪ್ಪನ ಪಾಲಿಗೆ ಮಾತ್ರ ಸುಳ್ಳು.

ಆ ದಿನ ಪಾಠ ಮುಂದೆ ಹೋಗಲಿಲ್ಲ. ಹಾಗಾದರೆ ನೀವೇ ಬರೆಯಿರಿ ಅಂದೆ. ಯಾವ ವಿತರಣಾ ಕಾಲುವೆಗೆ ಯಾವ ದಿನ ನೀರು ಮುಟ್ಟುವ ಅಂದಾಜು ಎಂದು ಒಂದು ಪಟ್ಟಿ ಮಾಡಿದರು. ಬಹಳ ಚೆನ್ನಾಗಿಯೇ ಬಂತು. ಆಗ ಇನ್ನೊಬ್ಬ ಕೇಳಿದ: ಈ ಅಂದಾಜು ಎಂಜಿನಿಯರರಿಗೆ ಗೊತ್ತಿರೋದಿಲ್ಲೇನ್ರೀ? ಗೊತ್ತಿದ್ದೂ ಯಾಕೆ ಬರೆಯೋದಿಲ್ಲ? ಅದಕ್ಕೂ ಆ ಹುಡುಗಿಯೇ ಉತ್ತರ ಕೊಟ್ಟಳು. ಬರೆದ ಮೇಲೆ ಆ ದಿನ ನೀರು ಬರಬೇಕಾಗ್ತದಲ್ಲ, ಬರದಿದ್ದರೆ ಜನ ಪೇಪರ್ ಹಿಡಿದುಕೊಂಡು ಆಫೀಸಿಗೆ ಹೋಗ್ತಾರ.

ಗ್ರುನಿಗ್ ಮತ್ತು ಹಂಟ್ 1984ರಲ್ಲಿ ಸಾರ್ವಜನಿಕ ಸಂಪರ್ಕದ ನಾಲ್ಕು ಮಾದರಿ ಹೇಳಿದರು: ಬರೀ ಪ್ರಚಾರ, ಬರೀ ಮಾಹಿತಿ, ತನ್ನ ಲಾಭಕ್ಕಾಗಿ ಎರಡು ಬದಿಯ ಮಾತು, ಇಬ್ಬರೂ ಬದಲಾಗಲು ತಯಾರಿರುವ ಎರಡು ಬದಿಯ ಮಾತು. ನಾಲ್ಕನೆಯದು ಪರೀಕ್ಷೆಯಲ್ಲಿ ಖಾಯಂ ಪ್ರಶ್ನೆ. ಹೊರಗೆ ನಾನು ಕಂಡದ್ದು ಬಲು ಕಡಿಮೆ. ಆ ಹುಡುಗಿ ಹೇಳಿದ ಮೇಲೆ ಅದನ್ನು ಬೇರೆ ರೀತಿ ಕಲಿಸತೊಡಗಿದೆ. ಒಂದು ಕಚೇರಿ ಎಷ್ಟು ಮಾತಾಡುತ್ತದೆ ಅನ್ನುವುದನ್ನು ಬಿಡಿ, ತಾನು ಹೇಳಿದ್ದಕ್ಕೆ ಸಿಕ್ಕಿಬೀಳಲು ಎಷ್ಟು ತಯಾರಿದೆ ನೋಡಿ. ಗೇಟು ತೆಗೆಯುವುದು ತನ್ನ ಕೈಯಲ್ಲಿದೆ, ಅದನ್ನು ಧೈರ್ಯವಾಗಿ ಸಾರಬಹುದು. ಹೊಲ ಮುಟ್ಟಿಸುವುದನ್ನು ಸಾರಿದರೆ ಹೊಣೆ ಬೆನ್ನಿಗೆ ಬೀಳುತ್ತದೆ. 'ಸೈಟ್' ಕಾಲದಲ್ಲಿ ಆಕಾಶದಿಂದ ಚಿತ್ರ ಬಿಟ್ಟವರಿಗೂ ಇದೇ ಅನುಕೂಲ ಇತ್ತು ಅಂತ ಈಗ ತೋರುತ್ತದೆ.

ಜನಪದ ಮಾಧ್ಯಮದ ಬಗ್ಗೆ ವಿಚಾರ ಸಂಕಿರಣಗಳಲ್ಲಿ ಬಹಳ ಕೂತಿದ್ದೇನೆ. ಡಂಗುರವೇ ನಮ್ಮ ಮೊದಲ ಪ್ರಸಾರ, ಹಳ್ಳಿಕಟ್ಟೆಯೇ ನಮ್ಮ ಮೊದಲ ಸಂಸತ್ತು ಎಂದು ಪ್ರಬಂಧ ಮಂಡಿಸುವವರು ಪ್ರತಿ ಸಲ ಇರುತ್ತಿದ್ದರು, ಚಪ್ಪಾಳೆಯೂ ಸಿಗುತ್ತಿತ್ತು. ನನಗೆ ಆ ಹುರುಪು ಬರಲಿಲ್ಲ. ನಾನು ಸಣ್ಣವನಿದ್ದಾಗ ವಾಲೀಕಾರ ಹಲಗೆ ಬಡಿದು ಸಾರುತ್ತಿದ್ದದ್ದು ಲೇವಿ ಜೋಳ ಕೊಡಬೇಕು ಅಂತ, ಕಂದಾಯ ಕಟ್ಟಬೇಕು ಅಂತ. ಅವನನ್ನು ನಿಲ್ಲಿಸಿ ಯಾಕಪ್ಪಾ ಅಂತ ಕೇಳಿದವರನ್ನು ನಾನು ನೋಡಿಲ್ಲ. ಹಲಗೆ ಚರ್ಮದ್ದಾದ ಮಾತ್ರಕ್ಕೆ ಹುಕುಂ ಮಾತುಕತೆಯಾಗುವುದಿಲ್ಲ. ಡಂಗುರ ನಿಜವಾಗಿ ಕೆಲಸಕ್ಕೆ ಬರುವುದನ್ನು ನಾನು ಕಂಡದ್ದು ಕೃಷ್ಣೆಗೆ ನೆರೆ ಬಂದಾಗ. ಹೊಳೆ ದಂಡೆಗೆ ಹೋಗಬ್ಯಾಡ್ರಿ, ದನ ಬಿಡಬ್ಯಾಡ್ರಿ ಎಂದು ಸಾರುವಾಗ ಹೇಳುವವನೂ ಅದೇ ದಂಡೆಯವನು. ಅವನ ಮನೆಗೂ ನೀರು ಬರುತ್ತದೆ.

ಮೈಲಾಪುರದ ಕತೆ ಇದಕ್ಕಿಂತ ಸಿಕ್ಕು. ಯಾದಗಿರಿ ತಾಲ್ಲೂಕಿನ ಈ ಊರಲ್ಲಿ ಸಂಕ್ರಾಂತಿಗೆ ಮಲ್ಲಯ್ಯನ ಜಾತ್ರೆ. ಪಲ್ಲಕ್ಕಿ ಗಂಗಾಸ್ನಾನಕ್ಕೆ ಹೊರಟಾಗ ಹರಕೆ ಹೊತ್ತವರು ಅದರ ಮೇಲೆ ಜೀವಂತ ಕುರಿಮರಿ ಎಸೆಯುವ ಪದ್ಧತಿ ಇತ್ತು. ಮರಿಗಳು ಕಾಲಡಿ ಸಿಕ್ಕು ಸಾಯುತ್ತಿದ್ದವು. ಆಡಳಿತ ಅದನ್ನು ನಿಷೇಧಿಸಿತು. ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ವಶಕ್ಕೆ ಪಡೆದು ಹರಾಜು ಹಾಕುತ್ತದೆ. ಕಣ್ಣು ತಪ್ಪಿಸಿ ಕಂಬಳಿಯೊಳಗೆ ಒಯ್ಯುವವರು ಆಮೇಲೂ ಇದ್ದರು. ಹುಡುಗರನ್ನು ಕರೆದುಕೊಂಡು ಅಲ್ಲಿಗೆ ಕ್ಷೇತ್ರಕಾರ್ಯಕ್ಕೆ ಹೋಗಿದ್ದೆ. ಬ್ಯಾನರ್ ಓದಿದಿರೇನು ಅಂತ ನಮ್ಮ ಹುಡುಗ ಒಬ್ಬ ಕುರಿಗಾರನನ್ನು ಕೇಳಿದ. "ಓದಿಸಿ ಕೇಳೀನಿ ತಗೋ ತಮ್ಮಾ. ಬ್ಯಾನರ್ ನನಗ ಹೇಳ್ತದ, ದೇವರಿಗೆ ಯಾರು ಹೇಳ್ತಾರ?" ಹರಕೆ ಹೊತ್ತದ್ದು ಜಿಲ್ಲಾಧಿಕಾರಿಗಲ್ಲ, ಮಲ್ಲಯ್ಯನಿಗೆ. ಸ್ವಲ್ಪ ಹೊತ್ತಿಗೆ ಚೆಕ್‌ಪೋಸ್ಟಿನಲ್ಲಿ ಒಬ್ಬ ಮುದುಕಿ ಮರಿಯನ್ನು ಎದೆಗವಚಿಕೊಂಡು ಕಾನ್‌ಸ್ಟೇಬಲ್ಲನ್ನು ಕೇಳಿದಳು, ಇಲ್ಲಿ ಕೊಟ್ಟರೆ ಹರಕೆ ಮುಟ್ಟಿದಂಗ ಆಗ್ತದೇನಪ್ಪಾ ಅಂತ. ಆತ ಮರಿ ಇಸಿದುಕೊಳ್ಳುತ್ತ, "ಮುಟ್ತದ ಹೋಗಬೇ ಯವ್ವಾ. ಮಲ್ಲಯ್ಯಗ ನಾ ಹೇಳ್ತೀನಿ" ಅಂದ. ಮುದುಕಿ ಅವನ ಹಣೆಗೆ ಭಂಡಾರ ಹಚ್ಚಿ ಮುಂದೆ ಹೋದಳು. ಹಣೆ ಹಳದಿಯಾದ ಕಾನ್‌ಸ್ಟೇಬಲ್ ಮುಂದಿನ ಟ್ರ್ಯಾಕ್ಟರ್ ನಿಲ್ಲಿಸಿದ. ನನ್ನ ಜೊತೆ ಬಂದಿದ್ದ ಹುಡುಗರು ಆ ದಿನದ ಟಿಪ್ಪಣಿಯಲ್ಲಿ ಬ್ಯಾನರಿನ ಅಳತೆ, ಬಣ್ಣ, ಅಕ್ಷರದ ಗಾತ್ರ ಎಲ್ಲ ಬರೆದಿದ್ದರು. ಕಾನ್‌ಸ್ಟೇಬಲ್ ಒಬ್ಬರ ಪುಟದಲ್ಲೂ ಇರಲಿಲ್ಲ.

2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರೊಬ್ಬನನ್ನು ಜನ ಹೊಡೆದು ಕೊಂದರು. ಗೆಳೆಯರ ಜೊತೆ ಬಂದವನು, ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅನ್ನುವುದೇ ಕಾರಣ. ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪಿನಲ್ಲಿ ಚಿತ್ರ ಹರಿದಾಡಿ ಅವರು ಮುಟ್ಟುವ ಮೊದಲೇ ಮುಂದಿನ ಊರಲ್ಲಿ ದಾರಿ ಕಟ್ಟಿದ್ದರು. ಅದೇ ತಿಂಗಳು ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆ ಒಮ್ಮೆಗೇ ಕಳಿಸದಂತೆ ವಾಟ್ಸ್‌ಆ್ಯಪ್ ಭಾರತದಲ್ಲಿ ಮಿತಿ ಹೇರಿತು. ಆ ವಾರ ತರಗತಿಯಲ್ಲಿ ನಾನು ಏನೂ ಕಲಿಸಲಿಲ್ಲ. ಹುಡುಗರ ಫೋನುಗಳಲ್ಲಿ ಅಂಥ ಸಂದೇಶ ಎಷ್ಟು ಮಂದಿಗೆ ಬಂದಿತ್ತು ಅಂತ ಕೇಳಿದೆ. ಕೈಗಳು ಎದ್ದವು. ಎಷ್ಟು ಮಂದಿ ಮುಂದೆ ಕಳಿಸಿದಿರಿ ಅಂದಾಗ ಕೈಗಳು ಇಳಿದವು, ಕಣ್ಣುಗಳೂ. ಮಾಹಿತಿ ಬೇಗ ಮುಟ್ಟಿದರೆ ಜನರ ಕಷ್ಟ ಅರ್ಧ ಹೋಗುತ್ತದೆ ಅಂತ ಶ್ರಾಮ್ ಕಾಲದವರು ನಂಬಿದ್ದರು. ಮುರ್ಕಿಗೆ ಅದು ಬೇಗನೇ ಮುಟ್ಟಿತ್ತು.

ಯಾದಗಿರಿ 2010ರಲ್ಲಿ ಜಿಲ್ಲೆಯಾಯಿತು, ವಡಗೇರಾ 2018ರಲ್ಲಿ ತಾಲ್ಲೂಕಾಯಿತು. ಕಚೇರಿ ಹೆಚ್ಚಾದಂತೆ ಪ್ರಕಟಣೆಗಳೂ ಹೆಚ್ಚಾದವು. ನನ್ನ ಹಳೇ ಹುಡುಗರಲ್ಲಿ ಕೆಲವರು ವಾರ್ತಾ ಇಲಾಖೆಯಲ್ಲಿದ್ದಾರೆ, ಕೆಲವರು ಜಿಲ್ಲಾ ವರದಿಗಾರರು, ಒಬ್ಬ ಮೊಬೈಲು, ಮೈಕು ಹಿಡಿದು ತಾನೇ ಚಾನೆಲ್ಲು. ಒಂದೇ ಬೆಂಚಿನಲ್ಲಿ ಕೂತವರು ಒಬ್ಬರು ಪ್ರಕಟಣೆ ಬರೆಯುವುದು, ಇನ್ನೊಬ್ಬರು ಅದರಲ್ಲಿ ತಪ್ಪು ಹುಡುಕುವುದು, ಸಂಜೆಗೆ ಇಬ್ಬರೂ ಫೋನು ಮಾಡಿ ನನ್ನ ಹತ್ತಿರ ದೂರು ಹೇಳುವುದು. ನಿವೃತ್ತಿಯಾದ ಮೇಲೂ ಇದು ನಿಂತಿಲ್ಲ.

ಊರಿಗೆ ಹೋಗಿ ಬರುವುದು ಈಗ ಹೆಚ್ಚಾಗಿದೆ. ಹೋದ ಸಲ ನಮ್ಮ ಕಾಕಾ ನಾಲ್ಕು ಮಂದಿ ರೈತರನ್ನು ಕರೆದುಕೊಂಡು ಬಂದು ಕೂತ. ಕೆನಾಲ್ ನೀರು ಮುಟ್ಟಿಲ್ಲ, ಬೆಳೆ ಒಣಗ್ತಾ ಅದ, ಇಷ್ಟು ಓದೀದಿ, ಪೇಪರಿಗೆ ಒಂದು ಬರಿ ಅಂದ. ಯಾವ ವಿತರಣಾ ಕಾಲುವೆ, ಯಾವ ದಿನ ಬಿಟ್ಟರು, ಎಷ್ಟನೆಯ ದಿನಕ್ಕೆ ಎಲ್ಲಿಗೆ ಬಂತು ಎಂದು ಕೇಳಿ ಕೇಳಿ ಬರೆದೆ. ಜಿಲ್ಲಾ ಪುಟದ ಕೆಳಗೆ ನಾಲ್ಕು ಇಂಚು ಬಂತು. ಊರ ಹೆಸರು ತಪ್ಪಾಗಿತ್ತು. ಮುಂದಿನ ವಾರ ನೀರು ಬಂತು. ಅದೇ ವಾರ ಮಳೆಯೂ ಬಂದು ಮೇಲಿನವರು ತಮ್ಮ ತೂಬು ಮುಚ್ಚಿಕೊಂಡಿದ್ದರು. ಮಾಧ್ಯಮದ ಪರಿಣಾಮ ಅಳೆಯುವುದು ಎಷ್ಟು ಕಷ್ಟ ಅಂತ ಪಿಎಚ್‌.ಡಿ. ಹುಡುಗರಿಗೆ ಹೇಳುತ್ತ ಬಂದವನು ನಾನು. ಕಾಕಾನಿಗೆ ಆ ಕಷ್ಟ ಇರಲಿಲ್ಲ. ಕಟಿಂಗ್ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರಿಗೂ ತೋರಿಸಿದ.

ಎರಡು ದಿನಕ್ಕೆ ಬೇರೆ ಹಳ್ಳಿಯ ಮೂರು ಮಂದಿ ಬಂದರು. ಅವರದು ರಸ್ತೆಯ ತಕರಾರು. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೀರಾ ಅಂತ ಕೇಳಿದೆ. ಒಬ್ಬ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೇಳಿದ, "ಅರ್ಜಿ ಕೊಟ್ರ ಯಾರು ಓದ್ತಾರ್ರೀ ಸರ್? ಪೇಪರಾದ್ರ ಸಾಹೇಬ್ರು ಮುಂಜಾನೆ ಚಾ ಕುಡೀತಾ ಓದ್ತಾರ."